ಅಳಿಯಬೇಕಿದ್ದ ವಿಪಿಎನ್

"ನೀಲಕ್ಕಾ, ಆಫೀಸಲ್ಲಿ ನನ್ನನ್ನ ಕಳ್ಳಿ ಅಂತಿದಾರೆ!"

ಡಚ್ ಪಟ್ಟಣ ಹೂಫ್‌ಡಾರ್ಪ್‌ನ ಫ್ಲ್ಯಾಟಿನ ಬಾಗಿಲಲ್ಲಿ ನವ್ಯಾ ಬಿಕ್ಕುತ್ತಾ ನಿಂತಿದ್ದಳು. ಚಹಾ ಸೋಸುತ್ತಿದ್ದ ಜಕಿಯಾಗೆ ಕಾರಣ ತಿಳಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. ಅವಳೊಂದಿಗೆ ಮನೆ ಹಂಚಿಕೊಂಡಿದ್ದ ನೀಲಾಂಬಿಕಾ ಅದಕ್ಕೆ ತದ್ವಿರುದ್ಧ. ಧಾರವಾಡದ ಈ ಹೆಂಗಸು ಹಗಲೆಲ್ಲ ಕಂಪನಿಯೊಂದರ ಕಂಪ್ಯೂಟರ್ ಜಾಲ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಸುತ್ತಲಿನ ಕನ್ನಡಿಗರ ಗೋಜಲುಗಳನ್ನು ಬಿಡಿಸುತ್ತಿದ್ದಳು.

"ಕುಂದರು ಮೊದ್ಲ. ಏನಾತು ಹೇಳು," ಎಂದಳು ನೀಲಾಂಬಿಕಾ.

ನವ್ಯಾಳ ಕಂಪನಿ ಟಿಲ್‌ಬರ್ಗ್‌ನ ಒಂದು ಔಷಧಿ ಗೋದಾಮಿನ ಕಂಪ್ಯೂಟರುಗಳನ್ನು ದೂರದಿಂದಲೇ ರಿಪೇರಿ ಮಾಡುತ್ತಿತ್ತು. ಅದಕ್ಕೆಂದೇ ಒಂದು ಲಿನಕ್ಸ್ ಲ್ಯಾಪ್‌ಟಾಪ್. ಡ್ಯೂಟಿಯಲ್ಲಿದ್ದವರು ಅದನ್ನು ಇಟ್ಟುಕೊಳ್ಳಬೇಕು. ಕೆಲಸ ಬಿದ್ದಾಗ ಗೋದಾಮಿನವರ ಒಪ್ಪಿಗೆ ಪಡೆದರೆ ತಾತ್ಕಾಲಿಕ ವಿಪಿಎನ್, ಅಂದರೆ ಅವರ ಜಾಲದೊಳಕ್ಕೆ ಒಂದು ಗುಪ್ತ ದಾರಿ, ತೆರೆದುಕೊಳ್ಳುತ್ತಿತ್ತು. ಲ್ಯಾಪ್‌ಟಾಪ್ ಆಫ್ ಮಾಡಿದರೆ ಆ ದಾರಿ ಅಳಿದುಹೋಗಬೇಕು. ಶನಿವಾರ ಸಹೋದ್ಯೋಗಿ ಕೌಶಲ್, ಭಾನುವಾರ ಟೀಮಿನ ಮುಖ್ಯಸ್ಥ ಯತಿರಾಜ್, ಸೋಮವಾರ ನವ್ಯಾ ಡ್ಯೂಟಿ ಮಾಡಿದ್ದರು. ಸೋಮವಾರ ಕೆಲಸವೂ ಇರಲಿಲ್ಲ, ಯಾರೂ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಆದರೂ ಲ್ಯಾಪ್‌ಟಾಪ್ ಆನ್ ಆದೊಡನೆ ಗೋದಾಮಿನ ಜಾಲಕ್ಕೆ ನುಗ್ಗಿತ್ತು. ದೂರು ಬಂದು ಹುಡುಕಿದರೆ, ವಿಪಿಎನ್ ಲ್ಯಾಪ್‌ಟಾಪಿನಲ್ಲಿ ಸೇವ್ ಆಗಿ ಕೂತಿತ್ತು.

"ಬೇಕಂತಲೇ ಸೇವ್ ಮಾಡ್ಕೊಂಡೆ ಅಂತಾರೆ. ನಾಳೆ ಕೆಲಸದಿಂದ ತೆಗೀತಾರಕ್ಕಾ. ಕೆಲಸ ಹೋದ್ರೆ ಈ ದೇಶದಲ್ಲಿ ಇರೋಕೂ ಆಗಲ್ಲ. ಕಳ್ಳಿ ಅನ್ನಿಸ್ಕೊಂಡು ಊರಿಗೆ ಹೋಗ್ಲಾ?"

"ನಿನ್ನ ಒಂದ್ ಮಾತು ಕೇಳಿದ್ರಾ?" ಜಕಿಯಾ ಗುಡುಗಿದಳು.

"ಇಲ್ಲ. ಯತಿರಾಜ್ ಸರ್ ಈ ಫೋಟೋ ಕಳಿಸಿ, ಇದೇ ಸಾಕ್ಷಿ ಅಂದ್ರು."

"ಅರೆ, ಇದ್ಯಾವ ನ್ಯಾಯ ಕಣೇ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ನೀಲಾಂಬಿಕಾ ಫೋಟೋ ದಿಟ್ಟಿಸಿದಳು. ಸೇವ್ ಆದ ವಿಪಿಎನ್‌ನ ಸೆಟ್ಟಿಂಗ್ಸ್ ಅದು. 'ಈ ಸಂಪರ್ಕವನ್ನು ಇದರ ಜಾಲಕ್ಕೆ ಮಾತ್ರ ಬಳಸು' ಎಂಬಲ್ಲಿ ಒಂದು ಟಿಕ್ ಇತ್ತು.

"ಈ ಟಿಕ್ ನಿಮ್ಮ ಸಾಫ್ಟ್‌ವೇರ್ ಹಾಕ್ತದೇನು?"

"ಇಲ್ಲ ಅಕ್ಕಾ. ವಿಪಿಎನ್ ಆನ್ ಇದ್ರೆ ಇಂಟರ್ನೆಟ್ ಎಲ್ಲಾ ಗೋದಾಮಿನ ಜಾಲದ ಮೂಲಕವೇ ಹೋಗ್ಬೇಕು. ಅವರಲ್ಲಿ ವಿಡಿಯೋ ಎಲ್ಲ ಬ್ಲಾಕು."

ನೀಲಾಂಬಿಕಾ ತನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅಂಥದೇ ತಾತ್ಕಾಲಿಕ ವಿಪಿಎನ್ ಮಾಡಿ ರೀಸ್ಟಾರ್ಟ್ ಮಾಡಿದಳು. ವಿಪಿಎನ್ ಮಾಯವಾಗಿತ್ತು. ಮತ್ತೊಂದು ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಆ ಟಿಕ್ ಹಾಕಿ, ಅಪ್ಲೈ ಒತ್ತಿ ರೀಸ್ಟಾರ್ಟ್ ಮಾಡಿದಳು. ಈ ಸಲ ಅದು ಉಳಿದಿತ್ತು. ಯಾರೂ ಹೇಳದೆ ತಾನಾಗಿ ಕನೆಕ್ಟ್ ಕೂಡ ಆಯಿತು.

ಮರುದಿನ ನವ್ಯಾ ಕರೆದಂತೆ ಅವಳ ಆಫೀಸಿನ ಕ್ಯಾಂಟೀನಿನಲ್ಲಿ ಯತಿರಾಜ್, ಕೌಶಲ್ ಮತ್ತು ಮೂವರು ಗೆಳತಿಯರು ಕೂತರು. ಮೇಲಿನ ಮಹಡಿಯಲ್ಲಿ ಎಚ್‌ಆರ್‌ನವರು ನವ್ಯಾಗಾಗಿ ಕಾಯುತ್ತಿದ್ದರು.

"ಹೊರಗಿನವರಿಗೆ ಇಲ್ಲೇನು ಕೆಲಸ?" ಯತಿರಾಜ್ ಮುಖ ಗಂಟಿಕ್ಕಿದ.

"ಎರಡು ಪ್ರಶ್ನೆ ಅಷ್ಟೇ ರೀ," ನೀಲಾಂಬಿಕಾ ಕೇಳಿದಳು. "ಭಾನುವಾರ ನೀವು ಹೊಸದಾಗಿ ಒಪ್ಪಿಗೆ ಕೇಳಿದ್ರೇನು?"

"ಕೇಳ್ದೆ. ನಿಯಮ ಅಂದ್ರೆ ನಿಯಮ."

"ಪಾಪ, ಡ್ಯೂಟಿಯಾಗ ಅವತ್ತಿನ ಕ್ರಿಕೆಟ್ ಮ್ಯಾಚ್ ತಪ್ಪಿಹೋತೇನೋ?"

"ತಪ್ಪೋದೆಲ್ಲಿ! ಕೊನೇ ಓವರ್ ತನಕ..." ಯತಿರಾಜ್ ಅಲ್ಲಿಗೇ ನಿಂತ.

"ಕೇಳ್ರಿ," ಎಂದಳು ನೀಲಾಂಬಿಕಾ. "ಈ ವಿಪಿಎನ್ ತಾನಾಗಿ ಸೇವ್ ಆಗಂಗಿಲ್ಲ. ಸೆಟ್ಟಿಂಗ್ಸ್‌ನಾಗ ಏನರ ತಿದ್ದಿ ಅಪ್ಲೈ ಒತ್ತಿದ್ರ ಮಾತ್ರ ಉಳೀತದ. ಸೋಮವಾರ ಒಪ್ಪಿಗೇನ ಕೇಳಿಲ್ಲ, ದಾರೀನ ತೆರೆದಿಲ್ಲ. ಇಲ್ಲದ್ದನ್ನ ನವ್ಯಾ ಹ್ಯಾಂಗ ಸೇವ್ ಮಾಡ್ತಾಳ? ಕೌಶಲ್ ಶನಿವಾರ ಮಾಡಿದ್ರ, ಭಾನುವಾರ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಅದು ತಾನಾಗಿ ನುಗ್ಗತಿತ್ತು, ದೂರು ಅವತ್ತೇ ಬರತಿತ್ತು. ಬರಲಿಲ್ಲ. ಉಳಿದವ್ರು ಯಾರು? ವಿಪಿಎನ್ ಆನ್ ಇದ್ರ ವಿಡಿಯೋ ಓಡಂಗಿಲ್ಲ. ಆ ಟಿಕ್ ಹಾಕಿದ್ರ ಗೋದಾಮಿನ ಕೆಲಸ ಅಷ್ಟೇ ವಿಪಿಎನ್‌ನಾಗ ಹೋಗ್ತದ, ಉಳಿದದ್ದು ಮನೀ ಇಂಟರ್ನೆಟ್‌ನಾಗ. ಕೆಲಸಾನೂ ನಡೀತದ, ಮ್ಯಾಚೂ ನಡೀತದ."

"ಸರ್, ನೀವಾ?" ಕೌಶಲ್ ಬಾಯಿ ತೆರೆದುಕೊಂಡೇ ಕೂತ.

"ಬೇಕಂತ ಮಾಡಿಲ್ಲ ಕಣ್ರೋ! ಟಿಕ್ ಹಾಕಿದ್ರೆ ಸೇವ್ ಆಗತ್ತೆ ಅಂತ ನಂಗೇನು ಗೊತ್ತು?"

"ಅದನ್ನ ಒಪ್ಪತೀನಿ. ದೂರು ಬಂದಾಗರ ಹೊಳೀಲಿಲ್ಲೇನು?"

ಯತಿರಾಜ್ ಮೇಜು ನೋಡುತ್ತಾ ಹೇಳಿದ. "ಫೋಟೋ ಕಳಿಸಿದ್ಮೇಲೆ ಆ ಟಿಕ್ ನೋಡಿ ಹೊಳೀತು. ಅಷ್ಟರಲ್ಲಿ ಎಚ್‌ಆರ್‌ಗೆ ಇವಳ ಹೆಸರು ಕೊಟ್ಟಾಗಿತ್ತು. ನಂಗೂ ಹೆಂಡತಿ ಮಕ್ಕಳಿದಾರೆ. ನವ್ಯಾ ಆದ್ರೆ ಒಂಟಿ, ಎಲ್ಲಾದ್ರೂ ಬೇರೆ ಕೆಲಸ..."

ಜಕಿಯಾ ಕುರ್ಚಿ ತಳ್ಳಿ ಎದ್ದಳು. "ಥೂ! ಹೊಟ್ಟೆಗೆ ಅನ್ನ ತಿಂತೀರಾ ನೀವು? ಒಂದು ಹುಡುಗಿ ಬಾಳು ಹಾಳು ಮಾಡೋಕೆ ಹೊರಟಿದ್ರಲ್ಲ!"

ಜಕಿಯಾಗೆ ಇನ್ನೂ ಬಯ್ಯಬೇಕೆಂದು ಮೈಯೆಲ್ಲ ಉರಿಯುತ್ತಿತ್ತು. ನವ್ಯಾ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ನಿನ್ನೆ ಬಾಗಿಲಲ್ಲಿ ಅಳುತ್ತಿದ್ದ ಹುಡುಗಿಯ ಕಣ್ಣಲ್ಲಿ ಈಗ ನೀರಿರಲಿಲ್ಲ.

"ಏಳಿ ಸರ್," ಎಂದಳು. "ಮೇಲೆ ಕಾಯ್ತಿದಾರೆ. ಈಗ ಹೇಳಿದ್ದನ್ನೇ ಅಲ್ಲೂ ಹೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಯತಿರಾಜ್ ನೀಲಾಂಬಿಕಾಳ ಮುಖ ನೋಡಿದ, ಕೌಶಲ್‌ನ ಮುಖ ನೋಡಿದ. ಕೊನೆಗೆ ಎದ್ದು, ನವ್ಯಾಳ ಹಿಂದೆ ಮೆಟ್ಟಿಲು ಹತ್ತಿದ.