ಟಾಕಿಯ ಬಾಯಲ್ಲಿ ಬಿಟ್ಟ ಚಪ್ಪಲಿ

2025ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ದೌಂಡ ಹೊರವಲಯದ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಗಂಡಸಿನ ಚಪ್ಪಲಿ ಜೋಡು ಹಿಡಿದು ಬಂದಳು. ಠಾಣೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರುವವರು ಸಾಮಾನ್ಯವಾಗಿ ಅದರಿಂದ ಹೊಡೆದಿರುತ್ತಾರೆ, ಇಲ್ಲವೇ ಹೊಡೆಸಿಕೊಂಡಿರುತ್ತಾರೆ. ಹಾಗಾಗಿ ಮಹಿಳಾ ಪೇದೆ ಸೋನಾಲಿ, ಜಗಳ ಯಾರ ಜೊತೆ ಎಂದು ಮರಾಠಿಯಲ್ಲಿ ಕೇಳಿದಳು. ಹೆಂಗಸು ಗೊಣಗಿದ ಕನ್ನಡ ಕೇಳಿ ಒಳಗಿನಿಂದ ಇನ್ಸ್‌ಪೆಕ್ಟರ್ ಬಸವಲಿಂಗ ಎದ್ದು ಬಂದರು. ಅಕ್ಕಲಕೋಟೆ ಕಡೆಯವರಾದ ಅವರಿಗೆ ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವುದೇ ಅಪರೂಪ.

“ಚಪ್ಪಲಿ ಮನೀಗಿ ಬಂದಾವ್ರಿ ಸಾಹೇಬ್ರ,” ಎಂದಳು ಹೆಂಗಸು. “ಅವ್ರು ಬಂದಿಲ್ಲ.”

ಹೆಸರು ಗೌರಾಬಾಯಿ. ಗಂಡ ಮಲಕಪ್ಪ. ಮುಚ್ಚಿಹೋದ ಕಾರ್ಖಾನೆಯೊಂದರ ಹಳೆಯ ಎಣ್ಣೆ ಟ್ಯಾಂಕುಗಳನ್ನು ಕತ್ತರಿಸಿ ಕೆಡವುವ ಗುಂಪಿನಲ್ಲಿ ಅವನಿಗೆ ಕೆಲಸ. ಶನಿವಾರ ಹೋದವನು ತಿರುಗಿ ಬಂದಿಲ್ಲ. ಜಗಳವಾಡಿ ಸೊಲ್ಲಾಪುರದ ಗಾಡಿ ಹತ್ತಿದ ಎಂದು ಮೇಲ್ವಿಚಾರಕ ಹೇಳಿದ್ದಾನೆ. ಊರಿಗೆ ಫೋನು ಮಾಡಿದರೆ ಅಲ್ಲಿಗೂ ಹೋಗಿಲ್ಲ. ಇವತ್ತು ನಸುಕಿನಲ್ಲಿ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಈ ಚಪ್ಪಲಿ.

ಅದರಲ್ಲೇನು ವಿಶೇಷ ಎಂದು ಬಸವಲಿಂಗ ಕೇಳಿದಾಗ ಅವಳು ಗಂಡನ ಕಸುಬಿನ ಕಟ್ಟಳೆ ಹೇಳಿದಳು. ಟಾಕಿಯೊಳಗೆ, ಅಂದರೆ ಟ್ಯಾಂಕಿನೊಳಗೆ, ಇಳಿಯುವವನು ಚಪ್ಪಲಿಯನ್ನು ಅದರ ಬಾಯಿಯ ಮುಂದೆ, ಮುಖ ಹೊರಗೆ ಮಾಡಿ ಬಿಡಬೇಕು. ಹೊರಬಂದವನೇ ಮೆಟ್ಟಿಕೊಂಡು ನಡೆಯುವಂತಿರಬೇಕು. ಹೊರಗೆ ಒಬ್ಬ ಕಾವಲು ನಿಲ್ಲುತ್ತಾನೆ, ಒಳಗಿನವನು ಆಗಾಗ ತಗಡು ಬಡಿದು ಅವನಿಗೆ ತನ್ನ ಸುದ್ದಿ ತಿಳಿಸುತ್ತಾನೆ. ಚಪ್ಪಲಿ ಅಲ್ಲಿರುವ ತನಕ ಅವನು ಕದಲಬಾರದು, ಬೇರೆ ಯಾರೂ ಅದನ್ನು ಮುಟ್ಟಬಾರದು.

“ಯಾರೋ ಮುಟ್ಯಾರ್ರಿ,” ಎಂದಳು ಗೌರಾಬಾಯಿ. “ಅವ್ರು ಇನ್ನಾ ಒಳಗ ಅದಾರ.”

ನಾಪತ್ತೆ ದೂರು ದಾಖಲಾಯಿತು. ಹತ್ತೂವರೆಗೆ ಜೀಪು ಕಾರ್ಖಾನೆಯ ಗೇಟಿನಲ್ಲಿತ್ತು. ಬಯಲಿನಲ್ಲಿ ಮೂರು ಟ್ಯಾಂಕುಗಳು. ಒಂದನ್ನು ಅರ್ಧ ಕತ್ತರಿಸಿದ್ದರು, ಎರಡನೆಯದರ ಸುತ್ತ ಜನ ಇದ್ದರು. ಮೂರನೆಯದರ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಮೇಲ್ವಿಚಾರಕ ಶಿವಪ್ರಕಾಶ ತುಮಕೂರಿನವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

“ಅವನು ಓಡಿ ಹೋಗಿದಾನೆ ಸಾರ್. ಶನಿವಾರ ಸಂಜೆ ಟ್ಯಾಂಕ್ ಒಳಗೆ ಯಾರೂ ಇಳಿದೇ ಇಲ್ಲ.”

“ಫೋನ್ ಎಲ್ಲಿ ಇಡ್ತಾರ್ರಿ ಇವರು?” ಎಂದು ಬಸವಲಿಂಗ ಕೇಳಿದರು.

ಕಿಡಿ ಹಾರುವ ಯಾವ ವಸ್ತುವನ್ನೂ ಟ್ಯಾಂಕಿನ ಬಳಿಗೆ ಒಯ್ಯುವಂತಿಲ್ಲ. ಫೋನುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ. ಸೋನಾಲಿ ತೆಗೆಸಿ ನೋಡಿದಳು. ಚಾರ್ಜು ಮುಗಿದು ಸತ್ತುಬಿದ್ದ ಒಂದು ಫೋನಿನ ಹಿಂಬದಿಗೆ ಗೌರಾಬಾಯಿಯ ಪುಟ್ಟ ಫೋಟೊ ಅಂಟಿಸಿತ್ತು. ರೈಲು ಹತ್ತಿ ಓಡಿಹೋಗುವವನು ಫೋನು ಬಿಟ್ಟು ಹೋಗುವನೇ? ಶಿವಪ್ರಕಾಶನ ಮುಖ ಬಿಳಿಚಿತು. ಅವನಿಗೆ ನಿಜ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ ಎನ್ನುವುದು ಬಸವಲಿಂಗರಿಗೆ ಅರ್ಥವಾಯಿತು.

ಮೂರನೆಯದರ ಹತ್ತಿರ ಯಾಕೆ ಯಾರೂ ಹೋಗುವುದಿಲ್ಲ ಎಂದು ಕೆಲಸದವರನ್ನು ಕೇಳಿದರು. ಕೊನೆಗೆ ಮಾಂತು ಎಂಬವನು ಬಾಯಿಬಿಟ್ಟ. ಹೋದ ವರ್ಷ ಅದರೊಳಗೆ ರಾಡಿ ಬಳಿಯಲು ಇಳಿದ ಕಾಡಪ್ಪ ಎಂಬವನು ಎಣ್ಣೆಯ ಆವಿಗೆ ಉಸಿರುಕಟ್ಟಿ ಸತ್ತಿದ್ದನಂತೆ. “ಭಾನುವಾರದಿಂದ ಕಾಡಪ್ಪ ಬಡೀಲಾಕತ್ಯಾನ್ರಿ. ಟಕ್, ಟಕ್ ಅಂತ.”

ಬಸವಲಿಂಗ ಟ್ಯಾಂಕಿನ ಬಳಿ ಹೋಗಿ ಅಂಗೈ ಊರಿದರು. ತಗಡು ಬಿಸಿಲಿಗೆ ಕಾದಿತ್ತು. ಬುಡದಲ್ಲಿ, ಸೊಂಟದ ಎತ್ತರಕ್ಕೆ, ಮನುಷ್ಯ ನುಸುಳುವಷ್ಟು ಬಾಯಿ. ಅದರ ಮುಚ್ಚಳಕ್ಕೆ ಎರಡೇ ಬೋಲ್ಟು, ಅವೂ ಅವಸರದಲ್ಲಿ ತಿರುವಿದಂಥವು. ಆಗ ಒಳಗಿನಿಂದ ಟಕ್ ಎಂದಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಹೆಣಕ್ಕೆ ಹೆದರಿದವರಲ್ಲ, ಆದರೆ ಈ ಸದ್ದಿಗೆ ಹೆದರಿದರು.

ಅಗ್ನಿಶಾಮಕ ದಳ ಬಂತು. ಕಬ್ಬಿಣ ಕಾದರೂ ಆರಿದರೂ ಹೀಗೆ ಟಕ್ಕೆನ್ನುತ್ತದೆ ಎಂದು ಅದರ ಅಧಿಕಾರಿ ಸಮಾಧಾನ ಹೇಳಿದರು. ಬೋಲ್ಟು ಬಿಚ್ಚಿ ಮುಚ್ಚಳ ಸರಿಸಿದಾಗ ಎಣ್ಣೆಯ ಕಮಟು ಮುಖಕ್ಕೆ ರಾಚಿತು. ಗಾಳಿ ಊದುವ ಯಂತ್ರ ಇಟ್ಟು, ಒಳಗಿನ ಆವಿ ಕರಗಿದ್ದನ್ನು ಮಾಪಕದಲ್ಲಿ ಖಾತ್ರಿ ಮಾಡಿಕೊಳ್ಳುವವರೆಗೆ ಯಾರೂ ಇಳಿಯುವಂತಿಲ್ಲ. ಒಳಗಿದ್ದವನು ಬದುಕಿದ್ದರೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಜೀಪಿನ ಪಕ್ಕ ಕುಳಿತಿದ್ದ ಗೌರಾಬಾಯಿಯ ಕಣ್ಣು ಮಾತ್ರ ಅದನ್ನೇ ಕೇಳುತ್ತಿತ್ತು.

ಬಸವಲಿಂಗ ಆ ಚಪ್ಪಲಿಗಳನ್ನು ತಂದು ಬಾಯಿಯ ಮುಂದೆ, ಮುಖ ಹೊರಗೆ ಮಾಡಿ ಇಟ್ಟರು. ಯಾಕೆ ಹಾಗೆ ಮಾಡಿದರೆಂದು ಕೇಳಿದ್ದರೆ ಅವರಿಗೇ ಹೇಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಚಹಾ ಬಂತು. ಜನ ಬೇವಿನ ನೆರಳಿಗೆ ಸರಿದರು. ಒಬ್ಬ ಮಾತ್ರ ಸರಿಯಲಿಲ್ಲ. ನಲವತ್ತರ ಆಸುಪಾಸಿನ ಆ ಮನುಷ್ಯ ಚಪ್ಪಲಿಗಳ ಪಕ್ಕ ಬಂದು, ಬಾಯಿಯ ಅಂಚಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಮಾಂತು ಕರೆದರೂ ತಿರುಗಲಿಲ್ಲ.

ಅವನು ಚನ್ನವೀರ ಎಂದು ಸೋನಾಲಿ ವಿಚಾರಿಸಿ ಬಂದು ಹೇಳಿದಳು. ಮಲಕಪ್ಪನ ಜೋಡಿ ಯಾವಾಗಲೂ ಅವನೇ ಕಾವಲು. ಶನಿವಾರ ಮಾತ್ರ ಜ್ವರವೆಂದು ಬೇಗ ಮನೆಗೆ ಹೋದೆ ಎಂದಿದ್ದನಂತೆ.

ಒಂದು ಗಂಟೆಗೆ ಶವ ಹೊರಬಂತು. ಮಲಕಪ್ಪ ಬಾಯಿಯ ಕೆಳಗೇ, ಹೊರಗಿನಿಂದ ಕಾಣದಂತೆ ಒಳಗೋಡೆಗೆ ಒರಗಿದ್ದ, ಕೈಯಲ್ಲಿ ಕಿಡಿ ಹಾರಿಸದ ಹಿತ್ತಾಳೆ ಸುತ್ತಿಗೆ. ತಗಡಿನ ಮೇಲೆ ಅದರ ಹಳದಿ ಗುರುತುಗಳು ಒತ್ತೊತ್ತಾಗಿ ಬಿದ್ದಿದ್ದವು. ಇಬ್ಬರು ಪಂಚರ ಎದುರು ಪಂಚನಾಮೆಯಾಯಿತು. ಆಗಲೂ ಚನ್ನವೀರ ಕದಲಿರಲಿಲ್ಲ. ಬಸವಲಿಂಗ ಅವನ ಪಕ್ಕ ನಿಂತರು.

“ಎಲ್ಲಾ ಬರೋಬ್ಬರಿ ಇದ್ರ ಒಳಗಿನಾಂವ ಎಷ್ಟ ಸಲ ಬಡೀತಾನ?”

“ಎರಡ್ರಿ.”

“ಶನಿವಾರ ಎಷ್ಟ ಬಡದ?”

“ಒಂದ ಸಮ ಬಡದ್ರಿ. ಹೋದ ವರ್ಷ ಕಾಡಪ್ಪನೂ ಹಂಗ ಬಡದಿದ್ದ. ಅವಾಗೂ ನಾನ ನಿಂತಿದ್ನಿ. ಕಾವಲು ಇರಾಂವ ಒಳಗ ಹೋಗಬಾರದು, ಹೋದ್ರ ಎರಡ ಹೆಣ ಅಂತಾರ. ಹೋಗಲಿಲ್ಲ. ಈ ಶನಿವಾರ ಮತ್ತ ಅದ ಸಪ್ಪಳ ಬಂತು. ಕಾಡಪ್ಪ ನನ್ನ ಕರೀಲಾಕತ್ಯಾನ ಅನಸ್ತು. ಮುಚ್ಚಿಬಿಟ್ಟೆ. ಚಪ್ಪಲಿ ಅಲ್ಲಿದ್ರ ನನಗ ಹೋಗಾಕ ಬರಾಂಗಿಲ್ಲ, ಅದಕ್ಕ ತಗೊಂಡ ಓಡಿದೆ.”

“ಆಮ್ಯಾಲರ ಬಂದು ಯಾಕ ತೆಗೀಲಿಲ್ಲ?”

ಚನ್ನವೀರ ಬಾಯಿಯ ಅಂಚಿನಿಂದ ಕೈ ತೆಗೆದ.

“ತೆಗದ್ರ ಒಳಗಿದ್ದಾಂವ ಮಲಕಪ್ಪ ಆಗತಿದ್ದನ್ರಿ. ಮುಚ್ಚಿದ್ರ ಕಾಡಪ್ಪನ ಇರತಿದ್ದ.”

ಸಂಜೆಗೆ ಎಫ್‌ಐಆರ್ ಆಯಿತು. ಚನ್ನವೀರನ ಬಂಧನ. ಆವಿ ಪರೀಕ್ಷೆ ಮಾಡಿಸದೆ ಆಳುಗಳನ್ನು ಇಳಿಯಲು ಬಿಟ್ಟಿದ್ದಕ್ಕೆ ಶಿವಪ್ರಕಾಶನ ಮೇಲೂ ಪ್ರಕರಣ. ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಜೀವ ಹೋಗಿರಬೇಕು ಎಂದರು ವೈದ್ಯರು. ಹಾಗಾದರೆ ಭಾನುವಾರದಿಂದ ಕೇಳಿದ್ದು ಬರಿಯ ಕಬ್ಬಿಣ. ಆ ಕಬ್ಬಿಣದ ಸದ್ದಿಗೇ ಚನ್ನವೀರ ಮೂರು ದಿನ ಅನ್ನ ಬಿಟ್ಟಿದ್ದ, ಅದನ್ನು ತಾಳಲಾರದೆಯೇ ಚಪ್ಪಲಿಯನ್ನು ಗೌರಾಬಾಯಿಯ ಹೊಸ್ತಿಲಿಗೆ ಮುಟ್ಟಿಸಿದ್ದ. ಸತ್ತವನೊಬ್ಬನ ಭಯದಲ್ಲಿ ಬದುಕಿದ್ದವನನ್ನು ಕೊಂದವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಮರುಗಬೇಕೋ ಬಸವಲಿಂಗರಿಗೆ ತಿಳಿಯಲಿಲ್ಲ. ಎರಡೂ ಆಯಿತು.

ಗೌರಾಬಾಯಿ ಹೊರಡುವಾಗ ಚಪ್ಪಲಿ ಕೇಳಿದಳು. ಅವು ಮುದ್ದೆಮಾಲು, ಕೋರ್ಟಿನ ಕೆಲಸ ಮುಗಿಯುವ ತನಕ ಕೊಡಲು ಬರುವುದಿಲ್ಲ ಎಂದು ಹೇಳಬೇಕಾಯಿತು. ಅವಳು ಹಟ ಮಾಡಲಿಲ್ಲ.

“ಅವ್ರು ಬಡದಿದ್ರೇನ್ರಿ?” ಎಂದಷ್ಟೇ ಕೇಳಿದಳು.

“ಬಡದಿದ್ದ, ತಂಗಿ,” ಎಂದರು ಬಸವಲಿಂಗ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವಳು ಹೋದ ಮೇಲೆ ಸೋನಾಲಿ ಚಪ್ಪಲಿಗೆ ಚೀಟಿ ಕಟ್ಟಿ ಮುದ್ದೆಮಾಲಿನ ಕೋಣೆಯ ಕಪಾಟಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟಳು. ಬೀಗ ಹಾಕುವ ಮೊದಲು ಬಸವಲಿಂಗ ಒಳಗೆ ಹೋಗಿ ಅವನ್ನು ಬಾಗಿಲಿನ ಕಡೆಗೆ ತಿರುಗಿಸಿಟ್ಟು ಬಂದರು.