ಯಂತ್ರ ನಿಲ್ಲಿಸುವ ಅನುಮತಿ

"ಒಂದು ಅನುಮತಿಗೆ ಇನ್ನೂ ಎಷ್ಟು ದಿನ ಅಲೆಸ್ತೀರಿ ಸರ್? ನನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳಿಬಿಡಿ, ಭದ್ರಾವತಿ ಬಸ್ ಹತ್ತಿ ಹೋಗ್ತೀನಿ."

ಕಂಪನಿಯ ದುರ್ಗಿಗುಡಿ ಕಚೇರಿಯಲ್ಲಿ ಶಾಮಲಾ ನಿಂತೇ ಮಾತಾಡಿದಳು. ಯೋಗೇಶ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಎತ್ತಿದರೆ ಮುಖವೇ ಎಲ್ಲವನ್ನೂ ಹೇಳಿಬಿಡುವುದೆಂಬ ಅಂಜಿಕೆ ಅವನಿಗೆ.

ಭದ್ರಾವತಿಯಲ್ಲಿದ್ದ ಕಂಪನಿಯ ಕೋಲ್ಡ್ ಸ್ಟೋರೇಜಿನ ಯಂತ್ರಗಳೆಲ್ಲ ಮೊಬೈಲಿನ ಚಾಟ್ ಗುಂಪಿನಿಂದಲೇ ನಡೆಯುತ್ತಿದ್ದವು. "ನಿಲ್ಲಿಸು" ಎಂದು ಬರೆದರೆ ಗುಂಪಿನಲ್ಲಿದ್ದ ಬಾಟ್ ಎಂಬ ತಂತ್ರಾಂಶ ಯಂತ್ರವನ್ನು ನಿಲ್ಲಿಸುತ್ತಿತ್ತು. ಆದರೆ ಅನುಮತಿ ಪಡೆದವರು ಬರೆದರೆ ಮಾತ್ರ. ಹೋದ ವರ್ಷ ತಂಪು ಮಾಡುವ ಅಮೋನಿಯಾ ಅನಿಲ ಸೋರಿದಾಗ ಶಾಮಲಾಳ ಅಣ್ಣ ಚಂದ್ರು ಮತ್ತೆ ಮತ್ತೆ ಬರೆದ. ಅನುಮತಿ ಕೊಡುವ ಅಧಿಕಾರಿಯ ಕುರ್ಚಿ ಆಗ ಖಾಲಿಯಿದ್ದುದರಿಂದ ಅವನಿಗೆ ಅನುಮತಿ ಸಿಕ್ಕಿರಲಿಲ್ಲ. ಬಾಟ್ ಪ್ರತಿ ಸಲವೂ ವಿನಯದಿಂದ "ಕ್ಷಮಿಸಿ" ಎಂದಿತು. ಕೈಯಾರೆ ಸ್ವಿಚ್ ಆರಿಸಲು ಒಳಗೆ ಹೋದವನನ್ನು ದೇವರು ಕರೆದುಕೊಂಡ. ಅವನ ಕೆಲಸ ತಂಗಿಗೆ ಬಂತು. ಖಾಲಿ ಕುರ್ಚಿಗೆ ಯೋಗೇಶ್ ಬಂದ.

"ನಂಬಿಕೆ ಇಲ್ಲದೆ ಅಲ್ಲ ಮಾರಾಯ್ತಿ."

"ಮಾರಾಯ್ತಿಯಂತೆ! ನಿನ್ನೆವರೆಗೂ 'ಶಾಮಲಾ ಅವರೇ' ಅಂತಿದ್ರಿ." ತುಟಿಯ ಕೊನೆಯಲ್ಲಿ ಮೂಡಿದ ನಗು ಅಲ್ಲೇ ಆರಿತು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಬಾಟ್ ಕೇಳಿತ್ತು: "ಇವರು ನಿಮಗೆ ಏನಾಗಬೇಕು?" ಕಂಪನಿಯ ನಿಯಮದಂತೆ ಸಂಬಂಧಿಕರಿಗಾಗಲಿ, ಮದುವೆಯ ಸಂಬಂಧ ಬೆಳೆಸುವವರಿಗಾಗಲಿ ಅನುಮತಿ ಕೊಡುವಂತಿರಲಿಲ್ಲ.

"'ಏನೂ ಆಗಬೇಕಿಲ್ಲ' ಅಂತ ಬರೀಬೇಕು. ದಿನಾ ದೇವರಿಗೆ ಕೈಮುಗಿದು ಬರ್ತೀನಿ. ಬೆರಳು ಏಳಲ್ಲ."

ಶಾಮಲಾ ಮೆಲ್ಲಗೆ ಕುಳಿತಳು. ಕಣ್ಣು ತುಂಬಿತ್ತು.

"ಇದನ್ನ ಹೀಗಾ ಹೇಳೋದು? ಒಂದು ಕಾಫಿಗಾದ್ರೂ ಕರೀಬಾರ್ದಿತ್ತಾ?"

"ಈಗ ಕರೀಲಾ? ನಾನೇ ಈ ಕೆಲಸ ಬಿಡ್ತೀನಿ."

"ನೀವು ಬಿಟ್ಟರೆ ಕುರ್ಚಿ ಮತ್ತೆ ಖಾಲಿ ಬೀಳುತ್ತೆ." ಅವಳು ತಲೆಯಾಡಿಸಿದಳು. "ಇವತ್ತು ಸಂಜೆ ಪಾಳಿ ನಂದು. ಒಳಗೆ ಮೂಟೆ ಹೊರೋರು ಇರ್ತಾರೆ. ನಾನು ಬರೆದಾಗ ಅದು ನಿಲ್ಲಬೇಕು, ಯೋಗೇಶ್."

ಅವಳು 'ಸರ್' ಎನ್ನದೆ ಹೆಸರು ಹಿಡಿದದ್ದು ಅದೇ ಮೊದಲು.

"ಸುಳ್ಳು ಬರೆಯೋಕೆ ನನ್ನಿಂದಾಗಲ್ಲ. ಬರೆದರೆ ಅದು ನಿಜವಾಗೋ ಹಾಗೆ, ಒಬ್ಬರಿಗೊಬ್ಬರು ಏನೂ ಆಗದೆ ಬದುಕಬೇಕಾಗುತ್ತೆ."

"ಬದುಕೋಣ."

ಅವನು ಒಂದೊಂದೇ ಅಕ್ಷರ ಬರೆದು, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಕುಳಿತ. ಶಾಮಲಾ ಆ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಅವಳ ಕೈ ತಣ್ಣಗಿತ್ತು. ಅನುಮತಿ ಬಂದ ಸದ್ದು ಅವಳ ಮೊಬೈಲಿನಲ್ಲಿ ಕೇಳಿದ ಮೇಲೂ ಸ್ವಲ್ಪ ಹೊತ್ತು ಅವಳು ಕೈ ತೆಗೆಯಲಿಲ್ಲ.

"ಪಾಳಿ ಶುರುವಾದಾಗ ಗುಂಪಲ್ಲಿ 'ಎಲ್ಲ ಸರಿ ಇದೆ' ಅಂತ ಬರೀಬೇಕಲ್ಲ? ಎಲ್ಲರೂ ಓದ್ತಾರೆ. ನೀವು ಮಾತ್ರ ನಿಮಗೇ ಬರೆದದ್ದು ಅಂತ ತಿಳ್ಕೊಳ್ಳಿ. ಬರ್ತೀನಿ."

ಸಂಜೆ ಆ ಸಂದೇಶ ಬಂತು. ಕೆಳಗೆ ಯಾರೋ ಹೆಬ್ಬೆರಳಿನ ಗುರುತು ಒತ್ತಿದರು, ಯಾರೋ 'ಓಕೆ' ಎಂದರು. ಯೋಗೇಶ್ ದೇವರ ಹೂವನ್ನು ಒತ್ತಿಕೊಳ್ಳುವ ಹಾಗೆ ಮೊಬೈಲನ್ನು ಎರಡು ಕಣ್ಣಿಗೂ ಒತ್ತಿಕೊಂಡ.