ನಿಲ್ಲಿಸಿಟ್ಟ ಆಟ

ಹುಣಸೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ದೆವ್ವಗಿವ್ವ ನಂಬುವವನಲ್ಲ ನಾನು. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಒಂದು ಮಟಮಟ ಮಧ್ಯಾಹ್ನ ಪಿರಿಯಾಪಟ್ಟಣದ ಕಡೆಯ ವನಿತಾ ಅನ್ನುವವಳು, ತೀರಿಹೋದ ತಮ್ಮ ಚೆಲುವರಾಜುವಿನ ಲ್ಯಾಪ್‌ಟಾಪ್ ತಂದಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುತ್ತಾ ಕಾವಲು ಕೂತಾಗ ಅವನು ಹಳೇ ಕಾರ್ ಗೇಮ್ ಆಡುತ್ತಿದ್ದನಂತೆ. ಆ ಗೇಮ್ ಇದ್ದದ್ದು ವರ್ಚುವಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ.

"ಅವ್ನು ಆಡಿದ್ದೆಲ್ಲ ಅಂಗೇ ಪೆನ್‌ಡ್ರೈವ್‌ಗೆ ಆಕ್ಕೊಡಿ ಅಣ್ಣ," ಅಂದಳು. "ಅವತ್ತು 'ಆಟ ನಿಲ್ಸಿವ್ನಿ, ಮುಟ್ಬೇಡ ಕಣಕ್ಕ, ಸೌದೆ ಆಕ್ಬುಟ್ಟು ಬತ್ತೀನಿ' ಅಂತ ಎದ್ದೋದೋನು, ಬ್ಯಾರನ್ ಬಾಗ್ಲಲ್ಲೇ ಬಿದ್ದೋದ."

ಒಳಗಿನ ಮಷೀನನ್ನು ಎಬ್ಬಿಸಿದೆ. ಅವನು ಬಿಟ್ಟುಹೋದ ತಿರುವಿನಲ್ಲೇ ಕಾರು ನಿಂತಿತ್ತು. ಫೈಲುಗಳನ್ನು ಕಾಪಿಗೆ ಹಾಕಿದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಸೆಕೆ ಏರುತ್ತಾ ಹೋಯಿತು. ಬೆಂದ ಹೊಗೆಸೊಪ್ಪಿನ ಸಿಹಿ ಘಾಟು ಮೂಗಿಗೆ ಬಡಿಯಿತು. ಆಗ ಕಾರು ಹೊರಟಿತು. ಪಳಗಿದ ಕೈ ಆಡಿಸಿದ ಹಾಗೆ ಪ್ರತಿ ತಿರುವಿನಲ್ಲೂ ಬ್ರೇಕು ಬೀಳುತ್ತಿತ್ತು. ನನ್ನ ಕೈ ತೊಡೆಯ ಮೇಲಿತ್ತು. ವನಿತಾ ಬಾಗಿಲ ಹತ್ತಿರ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಆಟ ತಾನಾಗಿಯೇ ನಿಂತಿತು. ಆಟ ನಿಲ್ಲಿಸಲು ಒತ್ತುವ ಸ್ಪೇಸ್ ಬಾರ್ ಮೇಲೆ ಬೆರಳಗಲ ಬೂದಿ. ಮುಟ್ಟಿದರೆ ಬಿಸಿ.

ಗಾಬರಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ವನಿತಾ ಓಡಿಬಂದು ನನ್ನ ಕೈ ಹಿಡಿದಳು.

"ಮುಟ್ಬೇಡಿ ಅಣ್ಣ. ಸೌದೆ ಆಕಕ್ಕೋಗವ್ನೆ. ಬತ್ತಾನೆ."